ಬೂದು ಬಳಿಯುವ ಮುನ್ನ

ಮೊದಲು ತೊಳೆ, ಏಲಿಸ್. ಉಗುರುಬೆಚ್ಚನೆ ನೀರು,
ಪಾತ್ರೆ ತಿಕ್ಕುವ ಸೋಪು ಎರಡೇ ಹನಿ.
ಅಚ್ಚಿನಿಂದ ಸಲೀಸಾಗಿ ಕಳಚಿ ಬರಲೆಂದು
ಕಾರ್ಖಾನೆಯವರು ಸವರಿದ ಎಣ್ಣೆ ಇನ್ನೂ ಇದೆ ಮೈಮೇಲೆ.
ನಮಗೆ ಕಾಣದು, ಬಣ್ಣಕ್ಕೆ ಕಾಣುತ್ತದೆ.
ಕಣ್ಣಿಗೆ ಮಾತ್ರ ಎಣ್ಣೆ ಬಿಟ್ಟುಕೋ,
ಉಳಿದ ಕಡೆಯೆಲ್ಲ ಜಿಡ್ಡು ಬಿಡಿಸು.

ಹಳೇ ಹಲ್ಲುಜ್ಜುವ ಬ್ರಷ್ಷು ತಗೋ.
ಹೌದು, ನನ್ನದೇ. ನಗಬೇಡ.

ಹೊರಗೆ ಕೆಮಿ ಬಂದರು, ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಕಡಲು ಕದ ಹಾಕಿಕೊಂಡು ಮೂರು ತಿಂಗಳು.
ಆ ಕದ ಒಡೆಯುವ ಹಡಗು
ನನ್ನ ಅಡುಗೆಮನೆ ಮೇಜಿನ ಮೇಲೆ ಎರಡು ಹೋಳಾಗಿ
ಟವೆಲ್ಲಿನ ಮೇಲೆ ಬೋರಲು ಒಣಗುತ್ತಿದೆ.

ಕತ್ತರಿಸುವಾಗ ಅವಸರ ಬೇಡ.
ಚೌಕಟ್ಟಿನಿಂದ ಬಿಡಿಸುವುದು ಕೀಳುವುದಲ್ಲ.
ಒಮ್ಮೆ ದೂರದಲ್ಲಿ ಕತ್ತರಿಸು, ಆಮೇಲೆ ಹತ್ತಿರ,
ಉಳಿದ ಗುಬುಟನ್ನು ಅಲಗಿಂದ ಹೆರೆ, ತೆಳ್ಳಗೆ, ಇನ್ನೂ ತೆಳ್ಳಗೆ.
ಒಂದೇ ಸಲ ಚಿವುಟಿದೆಯೋ, ಪ್ಲಾಸ್ಟಿಕ್ಕು ಬಿಳಿಚಿಕೊಳ್ಳುತ್ತದೆ,
ಹೆದರಿದವರ ತುಟಿಯ ಹಾಗೆ.

ಈ ಕೊಕ್ಕೆ ಮೊನೆಯ ಕಡ್ಡಿ ಅಂಗಡಿಯದಲ್ಲ.
ಮೂವತ್ತೊಂದು ವರ್ಷ ಹಲ್ಲು ಮಾಡಿದೆ ನಾನು.
ಡಾಕ್ಟರಲ್ಲ. ಡಾಕ್ಟರ ಕೋಣೆಯ ಕೆಳಗೆ ನೆಲಮಾಳಿಗೆಯಲ್ಲಿ
ಪ್ಲಾಸ್ಟರಿನ ದವಡೆಗಳು ಚೀಟಿ ಕಟ್ಟಿಕೊಂಡು ಬರುತ್ತಿದ್ದವು.
ಯಾರು ನಿದ್ದೆಯಲ್ಲಿ ಕಡಿಯುತ್ತಾರೆ, ಯಾರು ಪೈಪು ಕಚ್ಚುತ್ತಾರೆ,
ಬಾಯಿ ಬಾಯಿಯ ಗುಟ್ಟೂ ಗೊತ್ತು;
ಬೀದಿಯಲ್ಲಿ ಎದುರಾದರೆ ಗುರುತಿಲ್ಲ.
ಇದೇ ಹಡಗು, ‘ಹಲ್ಲಾ’,
ಇದರ ಅಡುಗೆಯವನ ಕೆಳದವಡೆ ನನ್ನ ಕೈಯದು.
ಚೀಟಿಯಲ್ಲಿತ್ತು: ಬೇಗ, ಸೋಮವಾರ ಹಡಗು ಹೊರಡುತ್ತದೆ.
ಭಾನುವಾರ ಕೂತು ಮುಗಿಸಿದೆ.
ಒಪ್ಪಿತೋ, ಚುಚ್ಚಿತೋ, ಇವತ್ತಿಗೂ ಸುದ್ದಿಯಿಲ್ಲ.

ಈಗ ಬೆಸುಗೆ ನೋಡು.
ಮೂತಿಯಿಂದ ಬಾಲದವರೆಗೆ ಕೂದಲೆಳೆಯ ಬಿರುಕು.
ಮಂಜು ಸೀಳಬೇಕಾದವಳ ಬೆನ್ನಲ್ಲೇ ಸೀಳು!
ಪುಟ್ಟಿ ಮೆತ್ತು. ಒಂದು ರಾತ್ರಿ ಬಿಡು. ಅದು ಕುಗ್ಗುತ್ತದೆ,
ಮತ್ತೆ ಮೆತ್ತು.
ನಾನೂರರ ಕಾಗದ, ಆರುನೂರರದು, ಕೊನೆಗೆ ಸಾವಿರದ್ದು,
ನೀರಲ್ಲಿ ಅದ್ದಿ ಅದ್ದಿ ಉಜ್ಜು.
ಕಣ್ಣು ಮುಚ್ಚಿ ಉಗುರು ಎಳೆ, ಅಡ್ಡಕ್ಕೆ.
ಉಗುರು ತಡೆದರೆ ಕೆಲಸ ಮುಗಿದಿಲ್ಲ.

ಇಲ್ಲಿ, ಎಡಮಗ್ಗುಲಲ್ಲಿ,
ನಿಲ್ಲಿಸು.

ಇದು ಗೀರಲ್ಲ. ಬೆರಳು.
ತೋರ್ನಿಯೊದ ಹಳೇ ಸಾಮಾನಿನ ಸಂತೆಯಲ್ಲಿ
ನಾಲ್ಕು ಯೂರೋಗೆ ತಂದ ಪೆಟ್ಟಿಗೆ; ಯಾರೋ ಶುರುಮಾಡಿ ಬಿಟ್ಟದ್ದು.
ಅಂಟು ಹಸಿಯಿದ್ದಾಗ ಒತ್ತಿ ಹಿಡಿದಿದ್ದಾರೆ,
ಪ್ಲಾಸ್ಟಿಕ್ಕು ಕರಗಿ ಗೆರೆ ಗೆರೆಯೂ ಕೂತಿದೆ.
ನಿನ್ನ ಹೆಬ್ಬೆರಳು ಇಡು ಅದರ ಮೇಲೆ.
ನೋಡಿದೆಯಾ, ನಿನ್ನದಕ್ಕಿಂತ ಚಿಕ್ಕದು.
ಐದು ವರ್ಷವೋ, ಆರೋ.
ಊಟಕ್ಕೆ ಕರೆದರೋ, ಜ್ವರ ಬಂತೋ, ಬೇಜಾರಾಯಿತೋ,
ಅಥವಾ ಬರೀ ವಸಂತ ಬಂದು ಸೈಕಲ್ಲು ಸಿಕ್ಕಿತೋ.

ಬಣ್ಣ ಮುಚ್ಚುತ್ತದೆ ಅಂದುಕೊಂಡಿದ್ದೀಯ ಅಲ್ಲವೇ?
ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.
ಈ ಬೂದು ಮೊದಲ ಪದರ ಇದೆಯಲ್ಲ, ಮಹಾ ಚಾಡಿಕೋರ.
ಬಿಟ್ಟ ಗೀರು, ಉಳಿದ ಜಿಡ್ಡು, ಉಜ್ಜದೆ ಉಜ್ಜಿದೆನೆಂದ ಮೂಲೆ,
ಒಂದೊಂದನ್ನೂ ಎತ್ತಿ ಆಡುತ್ತದೆ.
ಈ ಬೆರಳನ್ನೂ ಬಿಡದು.

ಉಜ್ಜಿದರೆ ಎರಡು ನಿಮಿಷದ ಕೆಲಸ.
ನಾನು ಎರಡು ವಾರದಿಂದ ಅದನ್ನು ಬಿಟ್ಟು ಸುತ್ತಲೂ ಉಜ್ಜುತ್ತಿದ್ದೇನೆ.
ನೀರಿನ ಗೆರೆಗಿಂತ ಕೆಳಗಿದೆ ಅಂತ ನೆಪ ಇಟ್ಟುಕೊಂಡಿದ್ದೇನೆ,
ಅಲ್ಲಿಗೆ ಕೆಂಪು ಬರುತ್ತದೆ, ಯಾರು ಬಗ್ಗಿ ನೋಡುತ್ತಾರೆ ಅಂತ.

ಬಾಲ್ಕನಿಯಲ್ಲಿ ಊದಿದರೆ ಬಣ್ಣ ದಾರಿಯಲ್ಲೇ ಹೆಪ್ಪುಗಟ್ಟುತ್ತದೆ.
ಕೆಳಗೆ ಸೈಕಲ್ಲು ಕೋಣೆಗೆ ಹೋಗೋಣ;
ವಾಸನೆ ಅಂತ ಕಾವಲಿನ ತಾರ್ಮೊ ಗೊಣಗುವನು, ಗೊಣಗಲಿ.
ರಬ್ಬರು ಕೈಚೀಲ ಹಾಕಿಕೋ. ಇನ್ನು ಬರಿಗೈ ಮುಟ್ಟುವಂತಿಲ್ಲ.

ಕಾಗದ ಅಲ್ಲಿದೆ, ಬಟ್ಟಲಲ್ಲಿ ನೀರು ಇನ್ನೂ ಬೆಚ್ಚಗಿದೆ.
ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು.
ನಾನು ಆ ಕಡೆ ತಿರುಗಿ ಡಬ್ಬಿ ಅಲ್ಲಾಡಿಸುತ್ತೇನೆ,
ಒಳಗಿನ ಗೋಲಿ ಟಕಟಕ ಅನ್ನುವವರೆಗೆ,
ಆಮೇಲೂ ಸ್ವಲ್ಪ ಹೊತ್ತು.