ಹದಿಮೂರೂ ಮುಕ್ಕಾಲು ಗಳಿಗೆ

ಹದಿನೇಳನೇ ಫ್ಯಾನು ನಿಂತದ್ದು ರಾತ್ರಿ ಎರಡು ಹನ್ನೆರಡಕ್ಕೆ
ಎನ್ನುತ್ತದೆ ಪಾಲಯ್ಯನ ನೋಟುಪುಸ್ತಕ.
ಎಂಟು ನಲವತ್ತೆರಡಕ್ಕೆ, ಅದೂ ಹಿಂದಿನ ದಿನ,
ಎನ್ನುತ್ತದೆ ನಾನು ಬರೆದ ಪ್ರೋಗ್ರಾಮು.

ನಡುವೆ ಐದೂವರೆ ತಾಸು.
ಅಷ್ಟೂ ಹೊತ್ತು ಕಾವಲಿನವನು ಗೊರಕೆ ಹೊಡೆದನೆಂದು
ಕಂಪನಿ ಎರಡು ದಿನದ ಸಂಬಳ ಹಿಡಿಯಿತು.

ಪಾಲಯ್ಯ ಜಗಳಕ್ಕೆ ಬರಲಿಲ್ಲ.
ಜೋಗಿಮಟ್ಟಿಯ ಇಳಿಜಾರು ಇಳಿದು ಬಂದು
ಪುಸ್ತಕವನ್ನು ನನ್ನ ಕೀಬೋರ್ಡಿನ ಮೇಲಿಟ್ಟ.
"ಗಾಳಿ ನಿಂತಿರ್ಲಿಲ್ಲ ಮೇಡಮ್ಮಾರೆ, ಫ್ಯಾನು ನಿಂತಿತ್ತು.
ಸದ್ದಿದ್ರೆ ತೂಕಡಿಸ್ತೀನಿ, ಸುಳ್ಳು ಯಾಕೆ ಹೇಳ್ಲಿ.
ಸದ್ದು ನಿಂತ್ರೆ ಎಚ್ಚರಾಗ್ತೈತೆ."

ಕಳೆದು ನೋಡಿದೆ.
ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿಯಿಲ್ಲ.
ಇಷ್ಟು ಕರಾರುವಾಕ್ಕಾಗಿ
ಯಾರೂ ನಿದ್ದೆ ಮಾಡುವುದಿಲ್ಲ.

ತಪ್ಪು ನನ್ನದು.
ವರ್ಷ ಕೊಟ್ಟಿದ್ದೆ. ತಿಂಗಳು ಕೊಟ್ಟಿದ್ದೆ,
ಈ ಭಾಷೆಯಲ್ಲಿ ಜನವರಿ ಎಂದರೆ ಸೊನ್ನೆ, ಅದನ್ನೂ ಮರೆತಿರಲಿಲ್ಲ.
ತಾರೀಖು, ಗಂಟೆ, ನಿಮಿಷ, ಸೆಕೆಂಡು,
ಸೆಕೆಂಡನ್ನು ಸಾವಿರ ಚೂರು ಮಾಡಿ ಅದರಲ್ಲೊಂದು ಚೂರು,
ಎಲ್ಲ ಕೊಟ್ಟಿದ್ದೆ,
ಯಾವ ನೆಲದ ಹೊತ್ತು ಎಂಬುದೊಂದನ್ನು ಬಿಟ್ಟು.
ಮನೆ ನಂಬರು, ಓಣಿ, ಹಿಂದಿನ ಬಾಗಿಲ ಗುರುತು ಎಲ್ಲ ಬರೆದು
ಊರ ಹೆಸರು ಬರೆಯದ ಕಾಗದ.
ಯಂತ್ರ ಎಣಿಸಿದ್ದು ಗ್ರೀನಿಚ್ಚಿನ ಗಂಟೆ,
ಓದಿದವರು ಓದಿಕೊಂಡದ್ದು ದುರ್ಗದ ಗಂಟೆ.
ಮಧ್ಯೆ ಸಿಕ್ಕಿಕೊಂಡವನು ಪಾಲಯ್ಯ.

"ಲಂಡನ್ನಿನ ಮಗ್ಗುಲಲ್ಲಿ ಒಂದು ಗೆರೆ ಇದೆ" ಎಂದೆ,
"ಅಲ್ಲಿಂದ ನಾವು ಐದೂವರೆ ತಾಸು ಮುಂದೆ."
"ಗಳಿಗೆ ಲೆಕ್ಕದಾಗೆ ಎಷ್ಟಾತು?"
ಊರ ಮಕ್ಕಳು ಹುಟ್ಟಿದ ಹೊತ್ತನ್ನೆಲ್ಲ
ಬರೆದಿಡುತ್ತಿದ್ದನಂತೆ ಅವನಪ್ಪ.
ಮುನ್ನೂರ ಮೂವತ್ತನ್ನು ಇಪ್ಪತ್ನಾಲ್ಕರಿಂದ ಭಾಗಿಸಿದೆ.
ಹದಿಮೂರೂ ಮುಕ್ಕಾಲು.
"ಮುಕ್ಕಾಲು ಯಾಕೆ? ಹದಿನಾಲ್ಕು ಮಾಡ್ಕಂಡಿದ್ರೆ
ಯಾರಪ್ಪನ ಗಂಟು ಹೋಗ್ತಿತ್ತು?"

ತಿದ್ದಿದೆ. ಪ್ರತಿ ಹೊತ್ತಿನ ಬಾಲಕ್ಕೂ
ಒಂದು ಕೂಡಿಸುವ ಗುರುತು, ಐದು, ಮೂವತ್ತು.
ಕೂಡಿಸುವ ಗುರುತು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ:
ಇನ್ನೊಂದು ಕಡೆಯಿಂದ ಕೇಳಿದರೆ ಇದೇ ಭಾಷೆ
ಮೈನಸ್ ಮುನ್ನೂರ ಮೂವತ್ತು ಎನ್ನುತ್ತದೆ,
ನಾವು ಅವರಿಗಿಂತ ಮುಂದಲ್ಲ,
ಅವರೇ ನಮಗಿಂತ ಹಿಂದೆ ಎಂಬಂತೆ.
ಪಾಲಯ್ಯನಿಗೆ ಇದನ್ನು ಹೇಳಲಿಲ್ಲ.

ಬಾಗಿಲ ತನಕ ಹೋದವನು ತಿರುಗಿ ನಿಂತ.
"ಆದ್ರೂ ನಿಮ್ಮ ಹನ್ನೆರಡು ಹನ್ನೆರಡಲ್ಲ ಕಣ್ರೀ.
ಫ್ಯಾನಿನ ಕಂಬದ ನೆರಳು ಪೂರಾ ಮುದುರಾದು
ಆಮ್ಯಾಲೆ ಒಂದು ಬೀಡಿ ಸೇದಿ, ಇನ್ನೊಂದು ಹಚ್ಚೋವಾಗ."

ನಕ್ಕು ಕಳಿಸಿದೆ. ಆಮೇಲೆ ನಗು ಹೋಗಿ ಲೆಕ್ಕಕ್ಕೆ ಕೂತೆ.
ದೇಶದ ಗಡಿಯಾರ ಎಂಬತ್ತೆರಡೂವರೆ ರೇಖಾಂಶದ್ದು.
ದುರ್ಗ ಎಪ್ಪತ್ತಾರು ಚಿಲ್ಲರೆ.
ಡಿಗ್ರಿಗೆ ನಾಲ್ಕು ನಿಮಿಷ.
ಹೆಚ್ಚುಕಮ್ಮಿ ಇಪ್ಪತ್ನಾಲ್ಕು.

ಒಂದು ಗಳಿಗೆ.

ಏಳು ಸುತ್ತಿನ ಕಲ್ಲುಗಳ ಮೇಲೆ ಸೂರ್ಯ
ದಿನಾ ಸುಮಾರು ಒಂದು ಗಳಿಗೆ ತಡವಾಗಿ ನೆತ್ತಿಗೆ ಬರುತ್ತಾನೆ,
ಅವನ ಸಂಬಳ ಯಾರೂ ಹಿಡಿದಿಲ್ಲ.

ರಾತ್ರಿ ಯಾರೂ ಇಲ್ಲದಾಗ ಒಂದು ಹೊತ್ತು ಕಟ್ಟಿದೆ.
ವರ್ಷ, ತಿಂಗಳು, ತಾರೀಖು, ಎರಡು ಹನ್ನೆರಡರ ಬದಲು
ಒಂದು ನಲವತ್ತೆಂಟು,
ಬಾಲಕ್ಕೆ ಕೂಡಿಸು ಐದು, ಸೊನ್ನೆ ಆರು.
ಅಂಥ ದೇಶವಿಲ್ಲ ಎಂದು ಯಂತ್ರ ತಕರಾರು ಮಾಡಲಿಲ್ಲ.
ಮೊದಲಿನದಕ್ಕೂ ಇದಕ್ಕೂ ಹೋಲಿಸಿ ನೋಡು ಎಂದೆ,
ಎರಡೂ ಒಂದೇ ಕ್ಷಣ ಎಂದಿತು.
ಪರೀಕ್ಷೆಗಳ ಸಾಲಿನಲ್ಲಿ ಅದನ್ನು ಹಾಗೇ ಉಳಿಸಿದೆ.
ಹೆಸರು: ಪಾಲಯ್ಯ.

ಈಗ ಅವನ ನೋಟುಪುಸ್ತಕದಲ್ಲಿ
ಪ್ರತಿ ಹೊತ್ತಿನ ಮುಂದೆಯೂ ಸಣ್ಣಗೆ +5-30.
ಬೇಕಿಲ್ಲ ಎನ್ನಲು ಬಾಯಿ ಬಂದಿಲ್ಲ.

ಸಂಬಳದ ವಿಚಾರಕ್ಕೆ ನಾನು ಬರೆದ ಮೇಲಿಗೆ
ಉತ್ತರ ಬಂದಿದೆ: ನಾಳೆ ನೋಡುತ್ತೇವೆ.
ಯಾವ ಊರಿನ ನಾಳೆ ಎಂದು
ಬರೆದಿಲ್ಲ.