ನಾಲ್ಕನೆಯ ಕಂದೀಲು

ಮೆಟ್ಟಿಲ ಬುಡದ ಕರಿಹಲಗೆಯಲ್ಲಿ ಬರೆದದ್ದು ಇಷ್ಟೇ:
ಬರುವ ಸೋಮವಾರದಿಂದ ಮಾಳಿಗೆಯ ಮೇಲೊಂದು ಜಾಹೀರಾತು ಇರುತ್ತದೆ.
ಆಕಾಶ ಎಂದಿನಂತೆ ಪುಕ್ಕಟೆ.
ಎರಡನೆಯ ಸಾಲು ಅಳಿಸಿದೆ, ಮತ್ತೆ ಬರೆದೆ.
ಸೀಮೆಸುಣ್ಣ ಮುರಿಯಿತು.

ಹನ್ನೆರಡು ವರ್ಷ ಯಾರ ಮುಂದೆಯೂ ಡಬ್ಬಿ ಹಿಡಿದವನಲ್ಲ.
ಗಡಿಯಾರ ರಿಪೇರಿಯ ಕಣ್ಣು ನನ್ನದು; ಎಂಟು ತಿಂಗಳು ಕೂತು
ಗಾಜಿನ ಮೇಲೆ ಗಾಜು ತಿಕ್ಕಿ ಮಾಡಿದ ದುರ್ಬೀನು.
ಹಳೆಯ ಹತ್ತಿ ಮಿಲ್ಲಿನ ಮಾಳಿಗೆ,
ಗೋಡೆಯ ಬಿರುಕಿನಲ್ಲಿ ಇನ್ನೂ ಅರಳೆ ಸಿಗುತ್ತದೆ.
ಮನಸ್ಸಿದ್ದವರು ವರ್ಷಕ್ಕೆ ಮುನ್ನೂರು ಚಂದಾ ಕೊಡಿ ಎಂದಿದ್ದೆ.
ಕೊಟ್ಟವರು ಹನ್ನೊಂದು ಜನ.
ನೋಡಿದವರು ಅರ್ಧ ರಾಯಚೂರು.

ಕನ್ನಡಿಗೆ ಮಬ್ಬು ಬಂತು. ಲೇಪಕ್ಕೆ ಹೈದರಾಬಾದಿಗೆ ಕಳಿಸಬೇಕು.
ಬಾಡಿಗೆಯನ್ನು ಮಾಲೀಕ ಮೊದಲು ಬಾಯಲ್ಲಿ ಏರಿಸಿದ,
ಆಮೇಲೆ ಕಾಗದದಲ್ಲಿ.
ಆಗ ಬಂದ ಶರಭಯ್ಯ, ಇನ್ವರ್ಟರು ಬ್ಯಾಟರಿ ಅಂಗಡಿಯವನು.
ಕೆಟ್ಟವನಲ್ಲ. ಶನಿಯ ಬಳೆ ನೋಡಿದ ರಾತ್ರಿ
ಮೊಮ್ಮಗನಿಗಿಂತ ಅವನೇ ಹೆಚ್ಚು ಹೊತ್ತು ಬಗ್ಗಿ ನಿಂತಿದ್ದ.
'ಒಂದು ಬೋರ್ಡು ಹಾಕ್ತೀನ್ರಿ, ತೀನ್ ಕಂದೀಲ್ ಕಡಿ ಮಾರಿ ಮಾಡಿ.
ಮ್ಯಾಲೊಂದು ಲೈಟು. ರಾತ್ರಿ ಹತ್ತರತನಕ ಉರೀಬೇಕು, ಅಷ್ಟ.'

ಅಷ್ಟೇ. ಸಹಿ ಹಾಕಿದೆ.
ಮೂರು ಕಂದೀಲಿನ ಊರಿಗೆ
ನಾಲ್ಕನೆಯದನ್ನು ಹಚ್ಚಿದವನು ನಾನು.

ನಿಯಮ ನಾನು ಮಾಡಲಿಲ್ಲ, ಬೆಳಕೇ ಮಾಡಿತು:
ಹತ್ತರವರೆಗೆ ಎಲ್ಲರಿಗೆ, ಹತ್ತರ ಮೇಲೆ ಚಂದಾದಾರರಿಗೆ.
(ಹಲಗೆಯ ಮೇಲಿನ ಅಕ್ಷರ ಮಾತ್ರ ನನ್ನದು.)
ದೀಪದ ಹೊತ್ತಿನಲ್ಲಿ ಚಂದ್ರ, ಗುರು, ಶನಿ, ದೊಡ್ಡವರು ಕಾಣುತ್ತಾರೆ,
ಅವರಿಗೆ ಯಾವ ದೀಪದ ಹೆದರಿಕೆ?
ಉಸಿರು ಹಿಡಿದು ನೋಡಬೇಕಾದ ಬಡಪಾಯಿ ಬೆಳಕುಗಳು,
ತುಟಿಯಿಂದ ಈಗಷ್ಟೇ ಹೊರಟ ಬೀಡಿಹೊಗೆಯಂಥವು,
ಅವು ಈಗ ದುಡ್ಡಿನ ಬಾಬತ್ತು.

ಒಂದು ರಾತ್ರಿ ಕರೆಂಟು ಹೋಯಿತು.
ನಾಡಿಗೆಲ್ಲ ಬೆಳಕು ಸುಟ್ಟುಕೊಡುವ ಜಿಲ್ಲೆ,
ತನ್ನ ಪಾಲಿಗೆ ಮೇಣದಬತ್ತಿ.
ಬರ್ರಿ, ಎಲ್ಲಾರೂ ಬರ್ರಿ ಎಂದು ಓಣಿಗೆ ಕೇಳುವಂತೆ ಕೂಗಿದೆ.
ಧಡಧಡ ಮೆಟ್ಟಿಲು ಹತ್ತಿದರು.
ಊರು ಕಾಡಿಗೆಯ ಡಬ್ಬಿ. ಅದರ ನಡುವೆ, ನನ್ನ ನೆತ್ತಿಯ ಮೇಲೆ,
ಬೋರ್ಡು ಒಂದೇ ಝಗಝಗ:
'ಊರೆಲ್ಲ ಕತ್ತಲಾದರೂ ನಾವಿದ್ದೇವೆ.'
ಮರುದಿನ ಶರಭಯ್ಯನಿಗೆ ಏಳು ಗಿರಾಕಿ.

ಹಿಂದಿನ ಓಣಿಯ ಮೆಹಜಬೀನ್, ಒಂಬತ್ತು ವರ್ಷ,
ಎಂಟೂವರೆಗೆ ಮನೆ ಸೇರಬೇಕು.
ದುರ್ಬೀನಿನ ಸಾಲಿಗೆ ನಿಲ್ಲುವವಳಲ್ಲ; ಬರಿಗಣ್ಣಲ್ಲಿ
ಕೃತ್ತಿಕೆ ಎಣಿಸುತ್ತಾಳೆ, ಬೆರಳು ಮಡಚಿ ಮಡಚಿ.
ಆರಿದ್ದವು. ಈಗ ನಾಲ್ಕು.
'ಇನ್ನೆರಡು ಎಲ್ಲಿ ಹೋದ್ವು?'
'ಹತ್ತರ ಮ್ಯಾಲ ಬರ್ತಾವವ್ವ. ಚಂದಾ ಕೊಟ್ಟೋರಿಗೆ ಕಾಣ್ತಾವ,'
ಅಂದುಬಿಟ್ಟೆ.

ಚಂದಾ ಎಂದರೆ ನನ್ನ ಪುಸ್ತಕದಲ್ಲಿ ಮುನ್ನೂರು ರೂಪಾಯಿ.
ಅವಳ ಮನೆಮಾತಿನಲ್ಲಿ ಚಂದಿರ.
ತಲೆಯೆತ್ತಿ ನೋಡಿದಳು. ಅಲ್ಲೇ ಇತ್ತು, ಎಳೆಯದು, ಉಗುರಿನಷ್ಟು.
ಅದನ್ನು ತಂದು ನನ್ನ ಕೈಗೆ ಹೇಗೆ ಕೊಡುವುದೆಂದು
ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದಳು.

ಜಿಲ್ಲಾ ಆಸ್ಪತ್ರೆಯ ನರ್ಸು ಎಸ್ತೇರಮ್ಮ,
ಚಂದಾ ಪುಸ್ತಕದಲ್ಲಿ ಮೂರನೆಯ ಹೆಸರು.
ಕತ್ತಲೆಯ ಮೇಲೆ ಆಕೆಗೆ ರಸೀದಿ ಸಮೇತ ಹಕ್ಕಿದೆ.
ನಿನ್ನೆ ಎಂಟಕ್ಕೇ ಬಂದಳು. ಬಿಸಿಲಿಗೆಂದು ಇಟ್ಟುಕೊಂಡ ಕರಿ ಕೊಡೆ ಬಿಚ್ಚಿ
ಬೋರ್ಡಿಗೆ ಬೆನ್ನು ಮಾಡಿ ನಿಂತಳು.
ಕೊಡೆಯಷ್ಟೇ ಅಗಲದ ಕತ್ತಲೆ.
ಅದರೊಳಗೆ ಹುಡುಗಿ.

ಕರಾರು ಪತ್ರ ತೆಗೆದು ಓದಿದೆ.
ಕೊಡೆಯ ಮಾತು ಎಲ್ಲೂ ಇಲ್ಲ.

'ಐದು,' ಅಂದಳು ಮೆಹಜಬೀನ್.
ಎಸ್ತೇರಮ್ಮ ಕೈ ಬದಲಿಸಿದಳು.
'ಗಡಿಬಿಡಿ ಮಾಡಬ್ಯಾಡ, ಕಣ್ಣಿಗೆ ಕತ್ತಲಿ ಹೊಂದಬೇಕು.'
ನಾನು ಗಡಿಯಾರ ನೋಡಿದೆ.
ಎಂಟು ಇಪ್ಪತ್ತಾರು.