ನಕ್ಷೆಯಲ್ಲಿಲ್ಲದ ಪೊದೆ

ವಾರವಿಡೀ ನಾನು ಅದನ್ನು ಕೊಲ್ಲುತ್ತೇನೆ.
ಬೆನ್ನಿಗೆ ಹದಿನೈದು ಲೀಟರಿನ ಡಬ್ಬಿ, ಕೈಯಲ್ಲಿ ಕೊಳವೆ,
ಮದ್ದಿನ ಜೊತೆ ಕಲಸಿದ ನೀಲಿ ಬಣ್ಣ.
ಓವನ್ಸ್ ಹೊಳೆಯ ದಂಡೆಯುದ್ದಕ್ಕೂ
ನೀಲಿ ಪೊದೆ ಮುಗಿದದ್ದು, ಹಸಿರು ಪೊದೆ ನಾಳೆಯದು.
ಮಿರ್ಟಲ್‌ಫರ್ಡಿನಲ್ಲಿ ನನಗೆ ಸಂಬಳ ಬರುವುದು ಇದಕ್ಕೇ.

ಯಾರೋ ಒಬ್ಬ, ಹಿಂದೆ,
ದಾರಿಹೋಕರ ಹಸಿವಿಗಿರಲಿ ಎಂದು
ಜೇಬು ತುಂಬ ಬೀಜ ಒಯ್ದು ಎರಚುತ್ತ ಹೋದನಂತೆ.
ಪುಣ್ಯ ಕಟ್ಟಿಕೊಳ್ಳಲು ಹೋಗಿ ಬೆಟ್ಟಕ್ಕೆಲ್ಲ ಮುಳ್ಳು ಹಾಸಿದ,
ಎನ್ನುತ್ತಾನೆ ಕ್ರೇಗ್, ಎಂದು ಉಗುಳುತ್ತಾನೆ.

ಹಾಳುಬಿದ್ದ ಹೊಗೆಸೊಪ್ಪಿನ ಬ್ಯಾರನ್ನಿನ ಹಿಂದೆ
ಒಂದು ಪೊದೆಯನ್ನು ಮಾತ್ರ ನಾನು ನಕ್ಷೆಯಲ್ಲಿ ಗುರುತಿಸಿಲ್ಲ.
ಮೂರು ವರ್ಷವಾಯಿತು. ಮರೆತೆ ಅನ್ನಬಹುದು.
ಮರೆತಿಲ್ಲ.

ಫೆಬ್ರವರಿಯ ಕೊನೆಯ ಭಾನುವಾರ. ಉದ್ದ ತೋಳಿನ ಅಂಗಿ,
ಹಾವಿಗೊಂದು ಕೋಲು, ಹಣ್ಣಿಗೊಂದು ಬಕೆಟ್ಟು.
ಕಪ್ಪಾದದ್ದೆಲ್ಲ ಹಣ್ಣಲ್ಲ.
ಬೆರಳು ತಾಕಿದ್ದೇ ತಡ, ತಾನಾಗಿ ಬಿಟ್ಟುಕೊಟ್ಟದ್ದು ಹಣ್ಣು;
ಎಳೆದರೆ ಬರುವುದು ಹುಳಿ, ಹುಳಿಯ ಹಿಂದೆ ಮುಳ್ಳು.

ಅನ್ನದಲ್ಲೊಂದು ಕಲ್ಲು ಸಿಕ್ಕರೆ
ಅಡಿಗೆ ಮಾಡಿದವಳ ಏಳು ತಲೆಮಾರು ಎಣಿಸುವ
ಪಂಕ್ತಿಯಲ್ಲಿ ಉಂಡು ಬೆಳೆದವಳು ನಾನು.
ಬೀಜವನ್ನು ಹೇಗೆ ಬಿಡಲಿ?
ಅದೂ ಅಲ್ಲದೆ ಪಕ್ಕದ ಮನೆಯ ನೆಲ್ಲಾ ಬರ್ತೊಲ್ದೊ,
ಎಂಬತ್ತನಾಲ್ಕು, ಹೊಸ ಹಲ್ಲಿನ ಸೆಟ್ಟು,
ಬೇಲಿಯ ಮೇಲಿಂದ ಬೆರಳೆತ್ತಿ ಹೇಳಿದ್ದಳು: ಬೀಜ ಕೂಡದು.

ಬೇಯಿಸಿದ ಹಣ್ಣನ್ನು ಮೊದಲು
ಅವಳದೇ ಟೊಮೆಟೊ ಯಂತ್ರಕ್ಕೆ ಹಾಕಿ ತಿರುವಿದೆ.
ಅದರ ಕಣ್ಣು ದೊಡ್ಡದು.
ಕರೆಯದೆ ಮದುವೆಗೆ ಬಂದವರ ಹಾಗೆ
ಬೀಜವೆಲ್ಲ ರಸದ ಹಿಂದೆಯೇ ಒಳನುಗ್ಗಿತು.
ಆಮೇಲೆ ಹಿಟ್ಟಿನ ಜರಡಿ. ಆಮೇಲೆ ವಾಯಿಲ್ ದುಪಟ್ಟಾ,
ಹಿಂಡಿ ಹಿಂಡಿ ರಟ್ಟೆ ಬಿದ್ದುಹೋಯಿತು,
ಮೊಣಕೈವರೆಗೆ ನೇರಳೆ, ಕೊಲೆಗಾರಳ ಕೈ.
ಕೊನೆಯ ಪಾವು ಕಿಲೋ ಹಣ್ಣನ್ನು, ಸಾಕಪ್ಪಾ ಸಾಕು ಎಂದು,
ಬೀಜದ ಸಮೇತ ಬೇರೆ ಪಾತ್ರೆಗೆ ಸುರಿದೆ.

ಸಕ್ಕರೆ ಬಿದ್ದಮೇಲೆ ಮೊದಲು ಗೊಣಗಾಟ, ನಂತರ ಕೊತಕೊತ.
ತಣ್ಣನೆ ತಟ್ಟೆಗೆ ತೊಟ್ಟಿಕ್ಕಿ ನೋಡು ಎನ್ನುತ್ತಾರೆ ಇಲ್ಲಿ.
ನಾನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಿದೆ:
ಒಂದೆಳೆ. ಇಳಿಸಿದೆ.

ಉಳಿದದ್ದು ಒಂದು ಬಟ್ಟಲು ಬೀಜ.
ರಾಗಿಯ ಗಾತ್ರ, ರಾಗಿಯ ಸೌಜನ್ಯವಿಲ್ಲ.
ಬೆಂದದ್ದು ಮೊಳೆಯುವುದಿಲ್ಲ, ಗೊತ್ತು.
ಆದರೂ ಗೊಬ್ಬರದ ಗುಂಡಿಗೆ ಹಾಕಲು ಕೈ ಬರಲಿಲ್ಲ,
ಮೋರಿಗೂ ಬೇಡ, ಮೋರಿ ಹೋಗುವುದು ಹೊಳೆಗೇ.
ಬಾಣಲೆಯಲ್ಲಿ ಹುರಿದೆ.
ಸಾಸಿವೆಯ ಹಾಗೆ ಸಿಡಿಯುತ್ತದೇನೋ ಎಂದು ಕಾದೆ.
ಸಿಡಿಯಲಿಲ್ಲ. ಕಂದಿದ್ದು ಕರಕಲಾಯಿತು, ಅಷ್ಟೆ.

ಸಂಜೆ ನೆಲ್ಲಾ ಬಾಟಲಿಯನ್ನು ಕಿಟಕಿಗೆ ಹಿಡಿದಳು,
ಬೆಳಕು ತೂರಿ ಮೇಜಿನ ಮೇಲೆ ಕೆಂಪಾಗಿ ಬಿತ್ತು.
ಬ್ರೆಡ್ಡಿಗೆ ಸವರಿದಳು, ತಿಂದಳು, ಸುಮ್ಮನಿದ್ದಳು.
"ಕೆಮ್ಮಿನ ಔಷಧಿ," ಅಂದಳು ಆಮೇಲೆ.
"ಆ ಇನ್ನೊಂದು ಬಾಟಲಿ ಯಾರಿಗೆ?"

ನಾನು ಬಾಯಿ ತೆರೆಯುವ ಮೊದಲೇ
ಹಲ್ಲಿನ ಸೆಟ್ಟು ತೆಗೆದು ಸಾಸರಿನಲ್ಲಿಟ್ಟು
ಚಮಚವನ್ನೇ ಬೀಜದ ಜಾಮಿಗೆ ಇಳಿಸಿದಳು.
"ಬೀಜದ ಕಾಟ ಹಲ್ಲಿಗೆ," ಬೊಚ್ಚುಬಾಯಲ್ಲಿ ನಕ್ಕಳು,
"ನನಗಲ್ಲ."
ಮೇಜಿನ ಮೇಲೆ ಅವಳ ಹಲ್ಲೂ ನಗುತ್ತಿತ್ತು.
ನನಗೂ ಒಂದು ಚಮಚ.

ಸೋಮವಾರ ಹೊಳೆದಂಡೆ. ಕೆಲಸ ಮುಗಿದಮೇಲೆ
ಬೂಟಿನ ಅಡಿ ಉಜ್ಜಬೇಕು, ಟೈರಿಗೆ ನೀರು ಹೊಡೆಯಬೇಕು,
ಒಂದು ಬೀಜವೂ ಇಲ್ಲಿಂದ ಆಚೆ ಹೋಗಬಾರದು, ಅದು ನಿಯಮ.
ಉಜ್ಜಿದೆ. ನೀರು ಹೊಡೆದೆ. ಪುಸ್ತಕದಲ್ಲಿ ಸಹಿ ಹಾಕಿದೆ.
ಗಾಡಿ ಹತ್ತುವಾಗ ನಾಲಗೆಗೆ ಸಿಕ್ಕಿತು
ಕೊನೆಯ ದವಡೆಹಲ್ಲಿನ ಸಂದಿಯಲ್ಲಿ, ಗಟ್ಟಿಯಾಗಿ, ಒಂದು.

"ಎಲ್ಲ ಕ್ಲೀನಾ?" ಕೇಳಿದ ಕ್ರೇಗ್.
ಬಾಯಿ ಬಿಡದೆ ತಲೆಯಾಡಿಸಿದೆ.